ಬಾಣಕ್ಕೆ ಗರಗಸ ಇಡುವ ಮೊದಲು ತೋಳು ಅಳೆಯಿರಿ

ಶಾಲೆಯ ಬಿಲ್ಲುಗಾರಿಕೆ ತಂಡಕ್ಕೆ ಮಗಳ ಹೆಸರು ಬಂತು ಎಂದೊಡನೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಅಪ್ಪ-ಅಮ್ಮಂದಿರ ಕೈ ಮೊಬೈಲಿಗೆ ಹೋಗುತ್ತದೆ, ಅರ್ಧ ಡಜನ್ ಬಾಣ ಆರ್ಡರ್ ಆಗುತ್ತದೆ. ಸ್ವಲ್ಪ ತಡೆಯಿರಿ. ಬಿದಿರಿನ ಬಿಲ್ಲು, ಬಿದಿರು ಇಲ್ಲವೇ ಮರದ ಬಾಣ ಬಳಸುವ ಇಂಡಿಯನ್ ರೌಂಡ್‌ನಲ್ಲಿ ‘ಎಲ್ಲರಿಗೂ 28 ಇಂಚು’ ಎಂಬ ಲೆಕ್ಕ ಅಂಗಡಿಗೆ ಅನುಕೂಲ, ಮಗುವಿಗಲ್ಲ. ಉದ್ದದ ಬಾಣವನ್ನು ಆಮೇಲೆ ಕತ್ತರಿಸಬಹುದು. ಗಿಡ್ಡದ್ದು ಅಪಾಯ: ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಹಿಂದೆ ಜಾರಿ, ಹೆದೆ ಬಿಟ್ಟೊಡನೆ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು.

ಅಂದಾಜು ಅಳತೆ ಮನೆಯಲ್ಲೇ ಸಿಗುತ್ತದೆ. ಗೋಡೆಗೆ ಬೆನ್ನು ತಾಗಿಸಿ, ಎರಡೂ ತೋಳು ಚಾಚಿಸಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಟೇಪ್ ಹಿಡಿಯಿರಿ. ಬಂದದ್ದನ್ನು 2.5ರಿಂದ ಭಾಗಿಸಿ. 160 ಸೆಂ.ಮೀ. ಇದ್ದರೆ 64 ಸೆಂ.ಮೀ., ಅಂದರೆ ಸುಮಾರು 25 ಇಂಚು. ಇದು ಹೆದೆ ಎಳೆಯುವ ಉದ್ದ, ಬಾಣದ್ದಲ್ಲ. ಹೆಬ್ಬೆರಳಿನಿಂದ ಹೆದೆ ಎಳೆದು ಕಿವಿಯಾಚೆ ಒಯ್ಯುವ ಶೈಲಿಗೆ ಈ ಲೆಕ್ಕ ಸಲ್ಲದು.

ನಿಜವಾದ ಅಳತೆ ಮೈದಾನದಲ್ಲಿ, ಕೋಚ್ ಜೊತೆಗಿದ್ದಾಗ. (ಸೊಸೈಟಿಯ ಟೆರೇಸ್ ಖಂಡಿತ ಬೇಡ.) ಹಗುರ ಬಿಲ್ಲು, ಬೇಕೆಂದೇ ಉದ್ದವಾದ ಬಾಣ, ಎದುರಿಗೆ ಗುರಿಹಲಗೆ. ಮೈ ಬಿಸಿಯಾದ ಮೇಲೆ ಮಗು ಎಂದಿನಂತೆ ಬಾಯಂಚಿಗೋ ಗಲ್ಲಕ್ಕೋ ಹೆದೆ ತಂದು ನಿಲ್ಲಿಸಲಿ. ಪಕ್ಕದಲ್ಲಿ ನಿಂತವರು ಬಿಲ್ಲಿನ ಹೊರಮೈ ದಾಟುವಲ್ಲಿ ಬಾಣಕ್ಕೆ ಪೆನ್ನಿನ ಗುರುತು ಹಾಕಲಿ. ನಾಲ್ಕೈದು ಬಾರಿ ಹೀಗೆ ಮಾಡಿ, ಎಲ್ಲಕ್ಕಿಂತ ಮುಂದಿರುವ ಗುರುತನ್ನು ಇಟ್ಟುಕೊಳ್ಳಿ. ಅದಕ್ಕೆ ದೊಡ್ಡವರಾದರೆ ಒಂದೆರಡು ಇಂಚು, ಬೆಳೆಯುವ ಮಕ್ಕಳಾದರೆ ಎರಡು-ಮೂರು ಇಂಚು ಸೇರಿಸಿ. ಬಾಣದ ಉದ್ದ ಎಂದರೆ ಹೆದೆ ಕೂರುವ ಕಚ್ಚಿನ ತಳದಿಂದ ಕಡ್ಡಿಯ ತುದಿಯವರೆಗೆ, ಮೊನೆ ಲೆಕ್ಕಕ್ಕಿಲ್ಲ. ಅಂಗಡಿಯವರು ಯಾವುದನ್ನು ಸೇರಿಸಿ ಹೇಳುತ್ತಿದ್ದಾರೆ ಎಂದು ಕೇಳಿ.

ಉದ್ದಕ್ಕೂ ಬಿಗಿತಕ್ಕೂ ನಂಟಿದೆ, ಹೆಚ್ಚಿನವರು ಎಡವುವುದು ಇಲ್ಲೇ. ಉದ್ದ ಬಾಣ ಹೆಚ್ಚು ಬಾಗುತ್ತದೆ, ಕತ್ತರಿಸಿದಷ್ಟೂ ಬಿಗಿಯಾಗುತ್ತದೆ. ಮರದ ಕಡ್ಡಿಯ ಬಿಗಿತ ಅಳೆಯಲು ಎರಡು ಸ್ಟೂಲ್ ಸಾಕು. ಅವುಗಳ ಅಂಚುಗಳನ್ನು 66 ಸೆಂ.ಮೀ. ದೂರದಲ್ಲಿರಿಸಿ, ಮೇಲೆ ಕಡ್ಡಿ ಅಡ್ಡ ಹಾಕಿ, ನಡುವೆ 907 ಗ್ರಾಂ ತೂಕ ತೂಗುಬಿಡಿ. ಎಷ್ಟು ಮಿಲಿಮೀಟರ್ ಬಗ್ಗಿತೋ ಅದರಿಂದ 660ನ್ನು ಭಾಗಿಸಿ. 16.5 ಮಿ.ಮೀ. ಬಗ್ಗಿದರೆ 40: ಅದು 40 ಪೌಂಡ್ ಬಿಲ್ಲಿಗೆ ಹೊಂದುವ ಕಡ್ಡಿ. ಬಿಲ್ಲಿನ ಮೇಲೆ ಬರೆದ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆತದ್ದು. 25 ಇಂಚಷ್ಟೇ ಎಳೆಯುವ ಮಗುವಿಗೆ ಅಷ್ಟು ಬಲ ಸಿಗದು, ಆದ್ದರಿಂದ ಮೆತ್ತನೆಯ ಕಡ್ಡಿಯೇ ಬೇಕು. ಬಲಗೈಯಿಂದ ಎಳೆಯುವವರ ಬಾಣ ಪದೇ ಪದೇ ಎಡಕ್ಕೆ ಹೋದರೆ ಕಡ್ಡಿ ಬಿಗಿಯಾಗಿರಬಹುದು, ಬಲಕ್ಕೆ ಹೋದರೆ ಮೆತ್ತಗೆ.

ಹಾಗಾಗಿ ಮೊದಲು ಒಂದೇ ಬಾಣ ಕತ್ತರಿಸಿ, ಹೊಡೆದು ನೋಡಿ, ಆಮೇಲೆ ಉಳಿದವು. ಕತ್ತರಿಸುವುದು ಮೊನೆಯ ಕಡೆಯಿಂದ. ಗುರುತಿನ ಸುತ್ತ ಟೇಪ್ ಸುತ್ತಿ, ಕಡ್ಡಿಯನ್ನು ತಿರುಗಿಸುತ್ತ ಸಣ್ಣ ಹಲ್ಲಿನ ಗರಗಸ ಆಡಿಸಿದರೆ ಬಿದಿರು ಸೀಳುವುದಿಲ್ಲ.

ನಮ್ಮ ಕಡೆಯ ಮಳೆಗಾಲಕ್ಕೆ ಮರ, ಬಿದಿರು ಎರಡೂ ಸೊಟ್ಟಗಾಗುತ್ತವೆ. ಬಾಣಗಳನ್ನು ಗೋಡೆಗೆ ಒರಗಿಸಿಡಬೇಡಿ, ಸಮತಟ್ಟಾಗಿ ಮಲಗಿಸಿ. ಹೊಡೆಯುವ ಮುನ್ನ ಪ್ರತಿಯೊಂದನ್ನೂ ತುಸು ಬಾಗಿಸಿ ಬಿರುಕು ನೋಡಿ. ಲೋಕಲ್‌ನಲ್ಲಿ ಒಯ್ಯುವುದಾದರೆ ಮುಚ್ಚಳವಿರುವ ಗಟ್ಟಿ ಕೊಳವೆಯೊಳಗೆ, ಮೊನೆ ಕೆಳಗೆ ಮಾಡಿ.