ಪಿಕಪ್ ಇಲ್ಲದ ಊರಿನಿಂದ ಸೀರೆ ವಾಪಸ್

ಗೂಡಲೂರು ದಾಟಿ ಮೈಸೂರು ರಸ್ತೆ ಹಿಡಿದರೆ ಮುದುಮಲೆ ಕಾಡಿನ ಅಂಚಿಗೆ ಸಿಗುವ ಊರು ತೊರಪಳ್ಳಿ. ಅರಣ್ಯದ ಚೆಕ್‌ಪೋಸ್ಟ್ ದಾಟಿದ ಮೇಲೆ ಆನೆಗಳದ್ದೇ ಸೀಮೆ. ನಮ್ಮ ಚಿಕ್ಕಮ್ಮನ ಮನೆ ಇರುವುದು ಅಲ್ಲಿ. ಗುಂಡ್ಲುಪೇಟೆಯ ಮದುವೆಯೊಂದಕ್ಕೆಂದು ಅವರು ಫೋನಿನಲ್ಲೇ 1,150 ರೂಪಾಯಿಯ ಸೀರೆ ತರಿಸಿದರು. ‘ಅಪ್ಪಟ ಕಾಟನ್’ ಎಂದು ಬರೆದಿತ್ತು. ಬಂದ ಸೀರೆ ಮುಟ್ಟಿದರೆ ಜಾರುತ್ತಿತ್ತು. ಚಿಕ್ಕಮ್ಮನ ಅತ್ತೆ ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಎಳೆ ಬೂದಿಯಾಗಲಿಲ್ಲ, ಸುರುಟಿಕೊಂಡು ಕರಗಿ ತುದಿಯಲ್ಲಿ ಕರಿ ಮಣಿಯಾಗಿ ನಿಂತಿತು. “ಇದು ನೂಲಲ್ಲ ಕಣಮ್ಮ, ಪ್ಲಾಸ್ಟಿಕ್ಕು” ಅಂದರು.

ಚಿಕ್ಕಮ್ಮ ತಕ್ಷಣ ಆ್ಯಪ್ ತೆರೆದು ‘ರಿಟರ್ನ್’ ಒತ್ತಿದರು. ಕಾರಣ ಏನೆಂದು ಅದು ಕೇಳಿತು. ಮೊದಲ ಸಾಲಿನಲ್ಲೇ ಕಂಡ ‘ಇಷ್ಟವಾಗಲಿಲ್ಲ’ ಎಂಬುದಕ್ಕೆ ಬೆರಳು ಇಟ್ಟುಬಿಟ್ಟರು. ಅವರಿಗೆ ಇಷ್ಟವಾಗಿರಲಿಲ್ಲ ಎಂಬುದೂ ಸುಳ್ಳಲ್ಲವಲ್ಲ! ಎರಡು ನಿಮಿಷಕ್ಕೆ ಉತ್ತರ ಬಂತು: ಈ ಸರಕಿಗೆ ಆ ಸೌಲಭ್ಯವಿಲ್ಲ, ನಿಮ್ಮ ಪಿನ್‌ಕೋಡಿನಲ್ಲಿ ಪಿಕಪ್ಪೂ ಇಲ್ಲ. ತಂದು ಕೊಡುವಾಗ ಅಡ್ಡ ಬಾರದ ಪಿನ್‌ಕೋಡು ಒಯ್ಯುವಾಗ ಅಡ್ಡ ಬಂತು. “ನೀನು ಕೋರ್ಟು ಕಾನೂನು ಅಂತ ಬರೀತಿರ್ತೀಯಲ್ಲ, ಇದಕ್ಕೇನು ಮಾಡೋದು ಹೇಳಪ್ಪ” ಎಂದು ಅಂದೇ ರಾತ್ರಿ ಫೋನು.

ಇಡೀ ವಿಷಯ ನಿಂತಿರುವುದು ಆ ‘ಕಾರಣ’ದ ಮೇಲೆ. ಬಣ್ಣ ಮನಸ್ಸಿಗೆ ಬರಲಿಲ್ಲ, ಅಕ್ಕ ಇನ್ನೊಂದು ಕೊಡಿಸಿದಳು, ಮದುವೆಯೇ ಮುಂದಕ್ಕೆ ಹೋಯಿತು ಎಂದರೆ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳಲೇಬೇಕೆಂದು ನಮ್ಮ ದೇಶದ ಗ್ರಾಹಕ ಕಾನೂನು ಹೇಳುವುದಿಲ್ಲ. ಏಳು ದಿನ, ಹತ್ತು ದಿನ ಎಂಬುದೆಲ್ಲ ಮಾರುವವರು ತಾವಾಗಿ ಕೊಟ್ಟ ಮಾತು. ಆ ಮಾತಿಗೆ ಅವರು ಬದ್ಧರೇ. ಆದರೆ ಮಾತು ಕೊಡದಿದ್ದರೆ ಕೇಳುವಂತಿಲ್ಲ. ಹೇಳಿದ್ದೊಂದು ಕಳಿಸಿದ್ದೊಂದು ಆದಾಗ ಕಥೆಯೇ ಬೇರೆ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಸರಕಿನಲ್ಲಿ ದೋಷವಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರಾಟಗಾರ ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ‘ನೋ ರಿಟರ್ನ್’ ಎಂದು ಎಷ್ಟು ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದರೂ ಇಲ್ಲಿ ಅದು ನಡೆಯದು. ತಡಕ್ಕೆ ಮಾತ್ರ ಒಂದು ವಿನಾಯಿತಿ ಇದೆ: ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣ. ಮಳೆಗಾಲದಲ್ಲಿ ಊಟಿ ರಸ್ತೆಯ ಮೇಲೆ ಗುಡ್ಡ ಕುಸಿದು ಲಾರಿ ನಿಂತರೆ ಅದಕ್ಕೆ ಅಂಗಡಿಯವನನ್ನು ಬೈದು ಫಲವಿಲ್ಲ.

ಇದಕ್ಕೆ ತಾಯಿಬೇರು 2019ರ ಗ್ರಾಹಕ ರಕ್ಷಣಾ ಕಾಯ್ದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದನ್ನು ಅದು ‘ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಕರೆಯುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಆ್ಯಪ್ ಕಾರಣ ಕೇಳಿದಾಗ ಅವಸರ ಬೇಡ. ‘ವಿವರಣೆಗೆ ಹೊಂದುತ್ತಿಲ್ಲ’, ‘ದೋಷವಿದೆ’, ‘ಬೇರೆ ಸರಕು ಬಂದಿದೆ’ ಎಂಬ ಸಾಲುಗಳು ಕೆಳಗೆಲ್ಲೋ ಇರುತ್ತವೆ. ಹುಡುಕಿ, ನಿಜವಾದುದನ್ನೇ ಆರಿಸಿ. ಅಳತೆ ವಿಷಯದಲ್ಲೂ ಇದೇ ಲೆಕ್ಕ: ಪಟ್ಟಿಯಲ್ಲಿ ಎದೆಸುತ್ತು 40 ಇಂಚು ಎಂದು ಹಾಕಿ 37 ಇಂಚಿನ ಕುರ್ತಾ ಕಳಿಸಿದ್ದರೆ ತಪ್ಪು ಅವರದು, ನಾವೇ ಅಂದಾಜಿನಲ್ಲಿ ‘ಎಂ’ ಒತ್ತಿ ಬಿಗಿಯಾದರೆ ತಪ್ಪು ನಮ್ಮದು. ಟೇಪು ಹಿಡಿದು ಅಳೆದು, ಟೇಪಿನ ಸಮೇತ ಫೋಟೊ ತೆಗೆದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಅತ್ತೆಯ ಬೆಂಕಿಕಡ್ಡಿ ಪರೀಕ್ಷೆ ಸರಿಯೇ, ಆದರೆ ವಾಪಸ್ ಕಳಿಸಬೇಕಾದ ಬಟ್ಟೆಯ ಮೇಲೆ ಅದು ಬೇಡ. ‘ಬಳಸಿದ್ದೀರಿ, ಹಾಳು ಮಾಡಿದ್ದೀರಿ’ ಎನ್ನಲು ಎದುರಿನವರಿಗೆ ಒಂದೆಳೆ ಸಾಕು. ಸೀರೆಯ ಒಳಮಡಿಕೆಯಲ್ಲಿ ಹೊಲಿದಿದ್ದ ಚಿಕ್ಕ ಬಿಳಿ ಪಟ್ಟಿಯನ್ನು ತಿರುಗಿಸಿ ನೋಡಿರೆಂದೆ. ‘100% ಪಾಲಿಯೆಸ್ಟರ್’ ಎಂದು ಅವರೇ ಅಚ್ಚು ಹಾಕಿದ್ದರು! ಆ ಪಟ್ಟಿಯ ಫೋಟೊ, ‘ಅಪ್ಪಟ ಕಾಟನ್’ ಎಂದಿದ್ದ ಪುಟದ ಸ್ಕ್ರೀನ್‌ಶಾಟ್, ಬಿಲ್ಲು, ಪಾರ್ಸೆಲ್ಲಿನ ಮೇಲಿನ ಚೀಟಿ: ಸಾಕ್ಷ್ಯ ಅಂದರೆ ಇಷ್ಟೇ. ಪುಟದ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ, ನಾಳೆ ಅಲ್ಲಿನ ಮಾತು ಬದಲಾಗಿರಬಹುದು. ಕೆಲವರು ‘ಪಾರ್ಸೆಲ್ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ದೂರು ಕೇಳುವುದಿಲ್ಲ’ ಎನ್ನುತ್ತಾರೆ. ಕಾಯ್ದೆಯಲ್ಲಿ ಅಂಥ ಷರತ್ತೇನೂ ಇಲ್ಲ. ಇದ್ದರೆ ಒಳ್ಳೆಯದು, ಅಷ್ಟೇ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅವರ ಹೆಸರು, ಸಂಪರ್ಕ ಆ್ಯಪ್ ಅಥವಾ ಜಾಲತಾಣದಲ್ಲಿ ಕಾಣುವಂತಿರಬೇಕು. 48 ಗಂಟೆಯೊಳಗೆ ದೂರು ತಲುಪಿದೆ ಎಂದು ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ನಾವು ವೇದಿಕೆ ಮಾತ್ರ, ಮಾರಿದವರು ಬೇರೆ’ ಎಂದರೆ ಹಾಗಾದರೆ ಮಾರಿದವರ ವಿಳಾಸ ಕೊಡಿ ಎಂದು ಬರೆದು ಕೇಳಿ, ಕೊಡಬೇಕು. ಈ ಹುಡುಕಾಟದಲ್ಲಿ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ತಡಕಬೇಡಿ. ಹಣ ಮರಳಿಸುತ್ತೇವೆ, ಒಟಿಪಿ ಹೇಳಿ, ಯುಪಿಐ ಪಿನ್ ಒತ್ತಿ ಎನ್ನುವವನು ಕಳ್ಳ. ಹಣ ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಅಕಸ್ಮಾತ್ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿ ಮಣಿಯದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 17 ಭಾಷೆಗಳಲ್ಲಿ ಕನ್ನಡವೂ ಇದೆ. ನೀಲಗಿರಿಯಲ್ಲಿ ಕುಳಿತು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ತಡವರಿಸಬೇಕಿಲ್ಲ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತದೆ. ಸಾವಿರ ರೂಪಾಯಿಯ ಬಟ್ಟೆಗೆ ಇದೇ ತಕ್ಕ ದಾರಿ ಎಂಬುದು ನನ್ನ ಅಭಿಪ್ರಾಯ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಅಂಗಡಿ ಸೂರತ್ತಿನಲ್ಲಿದೆ, ಕಂಪನಿ ಬೆಂಗಳೂರಿನಲ್ಲಿದೆ ಎಂದು ಹಿಂಜರಿಯುವವರೇ ಹೆಚ್ಚು. 2019ರ ಕಾಯ್ದೆ ತಂದ ದೊಡ್ಡ ಬದಲಾವಣೆಯೇ ಇಲ್ಲಿದೆ: ಗ್ರಾಹಕ ತಾನು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ತೊರಪಳ್ಳಿಯವರಿಗೆ ಅದು ಊಟಿಯ ಆಯೋಗ, ಗುಂಡ್ಲುಪೇಟೆಯವರಿಗೆ ಚಾಮರಾಜನಗರದ್ದು. ಕೊಂಡ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. 2025ರ ಜನವರಿ 1ರಿಂದ ನಡೆಯುತ್ತಿರುವ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ವಿಚಾರಣೆ ವಿಡಿಯೊ ಮೂಲಕ ನಡೆಸಿ ಎಂದು ಕೋರಲೂ ಅವಕಾಶವಿದೆ; ಊಟಿಯ ಘಾಟಿ ಹತ್ತಿ ಇಳಿಯುವವರಿಗೆ ಅದರ ಬೆಲೆ ಗೊತ್ತು. ಮಾರಿದವರು, ವೇದಿಕೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಬೀಳಬೇಕು. ಎದುರುದಾರರಿಗೆ ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಬಟ್ಟೆಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳು. ಇದು ಗಡಿಯಾರ ನೋಡಿ ನಡೆಯುವ ಕೆಲಸವಲ್ಲ, ತಾಳ್ಮೆ ಇಟ್ಟುಕೊಂಡೇ ಹೋಗಿ.

ಇಬ್ಬರಿಗೆ ಒಂದು ಮಾತು. ಮಗ ಬೆಂಗಳೂರಿನಿಂದ ಅಮ್ಮನಿಗೆ ಕಳಿಸಿದ ಸೀರೆಯಾದರೆ, ಅವನ ಒಪ್ಪಿಗೆಯಿಂದ ಉಡುವ ಅಮ್ಮನೂ ಕಾನೂನಿನ ಕಣ್ಣಿಗೆ ಗ್ರಾಹಕಳೇ. ಆದರೆ ಆನ್‌ಲೈನಿನಲ್ಲಿ ಹತ್ತು ನೈಟಿ ತರಿಸಿ ಅಕ್ಕಪಕ್ಕದವರಿಗೆ ಮಾರುವವರು ಗ್ರಾಹಕರಲ್ಲ; ಮರುಮಾರಾಟಕ್ಕೆ ಕೊಂಡವರಿಗೆ ಈ ಕಾಯ್ದೆಯ ಬಾಗಿಲು ತೆರೆಯುವುದಿಲ್ಲ.

ಚಿಕ್ಕಮ್ಮ ಕುಂದುಕೊರತೆ ಅಧಿಕಾರಿಗೆ ಬರೆದರು, ಫೋಟೊಗಳನ್ನು ಲಗತ್ತಿಸಿದರು, ಉತ್ತರ ಬಾರದೆ 1915ಕ್ಕೂ ಮಾತಾಡಿದರು. ಆಮೇಲೆ, ನೀವೇ ಅಂಚೆಯಲ್ಲಿ ಕಳಿಸಿ ಎಂಬ ಒಪ್ಪಿಗೆ ಬಂತು. ಒಪ್ಪಿಗೆ ಲಿಖಿತವಾಗಿ ಬರುವವರೆಗೂ ಸೀರೆ ಕೈಬಿಡಬೇಡಿ ಎಂದಿದ್ದೆ. ಸ್ಪೀಡ್ ಪೋಸ್ಟ್ ಮಾಡುವ ಮೊದಲು ಪೊಟ್ಟಣವನ್ನು ಅಂಚೆ ಕಚೇರಿಯ ತಕ್ಕಡಿಯ ಮೇಲಿಟ್ಟು ತೂಕದ ಸಮೇತ ಫೋಟೊ ತೆಗೆದರು. ಅದು ನಾನು ಹೇಳಿದ್ದಲ್ಲ, ಅವರ ಸ್ವಂತ ಬುದ್ಧಿ. ಕೂಪನ್ ಕೊಡುತ್ತೇವೆ ಎಂದಾಗ ಬೇಡ, ದುಡ್ಡೇ ಬೇಕು ಎಂದರು. 1,150 ರೂಪಾಯಿ ಬ್ಯಾಂಕಿಗೆ ಬಂತು. ಅಂಚೆ ಖರ್ಚು ಮಾತ್ರ ಇನ್ನೂ ಬಂದಿಲ್ಲ. ಆ ರಸೀದಿಯನ್ನು ಬಿಲ್ಲಿಗೆ ಪಿನ್ ಮಾಡಿ ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿಟ್ಟಿದ್ದಾರೆ. ಹೋಗಲಿ ಬಿಡಿ ಎಂದರೆ, “ಎರಡು ವರ್ಷ ಟೈಮಿದೆ ಅಂತ ನೀನೇ ಹೇಳಿದ್ದಲ್ವಾ” ಎನ್ನುತ್ತಾರೆ.