ಮನೆತನದ ರೋಗಚರಿತ್ರೆ

1895ರ ಮಾತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ರೋಗಶಾಸ್ತ್ರಜ್ಞರಾಗಿದ್ದ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸು ಒಂದು ದಿನ ಬಹು ಖಿನ್ನಳಾಗಿದ್ದಳು. ಕಾರಣವನ್ನು ವಿಚಾರಿಸಲಾಗಿ, ತನ್ನ ಬಂಧುಗಳಲ್ಲಿ ಅನೇಕರು ಗರ್ಭಕೋಶದ ಅಥವಾ ಕರುಳಿನ ಕ್ಯಾನ್ಸರಿನಿಂದ ಮಡಿದರೆಂದೂ, ತನಗೂ ಅದೇ ಗತಿಯೆಂದೂ ಆಕೆ ಹೇಳಿದಳು. ಮುಂದೆ ಹಾಗೆಯೇ ಆಯಿತು; ಗರ್ಭಕೋಶದ ಕ್ಯಾನ್ಸರಿನಿಂದ ಆಕೆ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು.

ಇಂಥ ಮಾತನ್ನು ಹಣೆಬರಹವೆಂದು ತಳ್ಳಿಹಾಕುವುದು ಸುಲಭ. ವಾರ್ಥಿನ್ ಹಾಗೆ ಮಾಡದೆ ಆ ಮನೆತನದ ವಂಶಾವಳಿಯನ್ನು ಬರೆದಿಟ್ಟರು. 1913ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಕ್ಯಾನ್ಸರ್ ಪೀಡಿತನಾಗಿದ್ದ ಹಿರಿಯನೊಬ್ಬನ 48 ಮಂದಿ ಸಂತತಿಯಲ್ಲಿ 17 ಮಂದಿ ಅದೇ ರೋಗದಿಂದ ಸತ್ತಿದ್ದರು ಇಲ್ಲವೆ ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಹೆನ್ರಿ ಲಿಂಚ್ ಎಂಬ ವೈದ್ಯರು ಈ ಶೋಧವನ್ನು ಮುಂದುವರಿಸಿದರು. ರೋಗಕ್ಕೆ ಇಂದು ಅವರದೇ ಹೆಸರು. ಈ ಮನೆತನದ ದೋಷವಿರುವುದು ಎಂಎಸ್‌ಎಚ್2 ಎಂಬ ವಂಶವಾಹಿಯಲ್ಲಿ ಎಂಬುದು 2000ದಲ್ಲಿ ತಿಳಿದುಬಂದಿತು.

ಜೀವಕೋಶವು ಇಬ್ಭಾಗವಾಗುವಾಗ ಅದರ ಆನುವಂಶಿಕ ಬರಹವು ಪ್ರತಿಯಾಗುತ್ತದೆ. ಆಗ ಆಗುವ ತಪ್ಪುಗಳನ್ನು ತಿದ್ದುವ ಕೆಲಸ ಈ ವಂಶವಾಹಿಯದು. ಅದರ ದೋಷವು ತಂದೆ ಅಥವಾ ತಾಯಿಯಲ್ಲಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ನಮ್ಮಲ್ಲಿ ಅನೇಕ ಮನೆಗಳ ವಂಶವೃಕ್ಷಗಳಲ್ಲಿ ಕೊಟ್ಟ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ; ಈ ಕಾರ್ಯಕ್ಕೆ ಅಂಥ ವೃಕ್ಷವು ಅರ್ಧ ಕಡಿದ ಮರವೇ ಸರಿ.

ಆದುದರಿಂದ ಅಜ್ಜ, ಅಜ್ಜಿ, ಸೋದರಮಾವ, ಸೋದರತ್ತೆ, ದೊಡ್ಡಪ್ಪ, ಚಿಕ್ಕಮ್ಮ ಹೀಗೆ ಎರಡೂ ಕಡೆಯವರನ್ನು ಬರೆಯಬೇಕು. ಯಾವ ರೋಗ ಎಂಬುದರಷ್ಟೇ ಮುಖ್ಯವಾದುದು ಅದು ಯಾವ ವಯಸ್ಸಿನಲ್ಲಿ ಕಾಣಿಸಿತೆಂಬುದು. ಎಂಬತ್ತರ ಮುದುಕರಿಗೆ ಬಂದ ಕರುಳಿನ ಕ್ಯಾನ್ಸರಿಗಿಂತ, ಐವತ್ತು ತುಂಬುವ ಮೊದಲೇ ಬಂದುದು ಹೆಚ್ಚಿನ ಸಂಶಯಕ್ಕೆ ಎಡೆಗೊಡುತ್ತದೆ. ‘ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದಳು’ ಎಂದು ಅಜ್ಜಿ ಹೇಳಿದರೆ ಹಾಗೆಯೇ ಬರೆದುಕೊಳ್ಳಿರಿ; ಅದಕ್ಕೆ ನಾವು ಹೊಸ ಹೆಸರನ್ನು ಊಹಿಸಿ ಅಂಟಿಸಬಾರದು. ಹಿರಿಯರು ಇರುವಾಗಲೇ ಕೇಳಬೇಕಾದ ಸಂಗತಿಗಳಿವು.

ಈ ಬರಹವನ್ನು ನೋಡಿದ ವೈದ್ಯರಿಗೆ ಸಂಶಯ ಬಂದರೆ, ಸಾಧ್ಯವಿರುವಲ್ಲಿ ರೋಗಿಯ ರಕ್ತವನ್ನೇ ಮೊದಲು ಪರೀಕ್ಷಿಸುತ್ತಾರೆ. ದೋಷವು ನಿಶ್ಚಯವಾದ ಮೇಲೆ ಬಂಧುಗಳ ಸರದಿ. ಈ ವಂಶವಾಹಿಯ ದೋಷವಿದ್ದವರು ಸಾಮಾನ್ಯವಾಗಿ 20-25ರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ದೊಡ್ಡ ಕರುಳನ್ನು ಕೊಲೊನೋಸ್ಕೋಪಿನಿಂದ ನೋಡಿಸಿಕೊಳ್ಳುತ್ತಾರೆ. ಒಳಗೆ ಕಂಡ ಚಿಕ್ಕ ಗಂಟುಗಳನ್ನು ಕ್ಯಾನ್ಸರಾಗುವ ಮುನ್ನವೇ ತೆಗೆದುಬಿಡಬಹುದು. ಮನೆತನದ ಆ ದೋಷವು ತಮಗೆ ಬಂದಿಲ್ಲವೆಂದು ಗೊತ್ತಾದವರಿಗೆ ಈ ವಿಶೇಷ ತಪಾಸಣೆ ಬೇಕಿಲ್ಲ. ಅವರ ಮಕ್ಕಳಿಗೂ ಅದು ಅವರಿಂದ ಬರಲಾರದು.