ಬೀಜದ ಬಿಸ್ಕತ್ತು: ಎಣಿಸಿ ತಿಂದರೆ ಹಿತ

ಬಾದಾಮಿಯಂಥ ಬೀಜಗಳು ಹೃದಯಕ್ಕೆ ಹಿತಕರ ಎಂಬುದನ್ನು ಈಗ ಬಹಳ ಜನ ಬಲ್ಲರು. ಹಾಗಾದರೆ ಬೀಜ ಹಾಕಿದ ಬಿಸ್ಕತ್ತೂ ಆರೋಗ್ಯಕ್ಕೆ ಒಳ್ಳೆಯದೇ ಅಲ್ಲವೆ? ಇಟಲಿಯ ಒಂದು ಹೆಸರಾಂತ ಬಿಸ್ಕತ್ತನ್ನು ಮನೆಯಲ್ಲಿ ಮಾಡುತ್ತಲೇ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳೋಣ.

ಬಿಸ್ಕತ್ತಿನ ಹೆಸರು ‘ಬಾಚಿ ದಿ ದಾಮಾ’. ಅಂದರೆ ‘ಹೆಂಗಳೆಯ ಮುತ್ತುಗಳು’. ಎರಡು ಪುಟ್ಟ ಅರೆಗೋಳಗಳು ನಡುವಿನ ಚಾಕೊಲೇಟಿನಿಂದ ಕೂಡಿಕೊಂಡು ತುಟಿಗಳಂತೆ ಕಾಣುವುದರಿಂದ ಈ ಹೆಸರು. ಇದರ ತವರು ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತದ ತೊರ್ತೋನಾ ಪಟ್ಟಣ. ಹುಟ್ಟಿದ್ದು 19ನೆಯ ಶತಮಾನದಲ್ಲಿ. ಅದೇ ಪ್ರಾಂತದ ಲಾಂಗೆ ಗುಡ್ಡಗಳು ಹೇಝಲ್‌ನಟ್ ಎಂಬ ಗುಂಡನೆಯ ಬೀಜಕ್ಕೆ ಪ್ರಸಿದ್ಧ. ಹೇಝಲ್‌ನಟ್ ಸಿಗದಿದ್ದರೆ ಬಾದಾಮಿ ಬಳಸಬಹುದು. ಅಲ್ಲಿಯೂ ಬಾದಾಮಿಯಿಂದ ಮಾಡುವವರಿದ್ದಾರೆ.

ಏನೇನು ಬೇಕು?

ಹೇಝಲ್‌ನಟ್ ಅಥವಾ ಬಾದಾಮಿ 100 ಗ್ರಾಂ, ಮೈದಾ 100 ಗ್ರಾಂ, ಉಪ್ಪಿಲ್ಲದ ತಣ್ಣನೆಯ ಬೆಣ್ಣೆ 100 ಗ್ರಾಂ, ಸಕ್ಕರೆ 100 ಗ್ರಾಂ, ಕಪ್ಪು ಚಾಕೊಲೇಟ್ 60 ಗ್ರಾಂ, ಒಂದು ಚಿಟಿಕೆ ಉಪ್ಪು. ಮೊಟ್ಟೆ ಬೇಡ.

ಮಾಡುವ ಕ್ರಮ

ಮೊದಲು ಬೀಜಗಳನ್ನು ಆರಿಸಿ. ಬೂಷ್ಟು ಹಿಡಿದವು, ಮುರುಟಿದವು, ಕಮಟು ವಾಸನೆಯವು ಕಂಡರೆ ಎಸೆದುಬಿಡಿ. ಬೂಷ್ಟಿನಿಂದ ಉಂಟಾಗುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ.

ಬೀಜಗಳನ್ನು ಓವನ್ನಿನಲ್ಲಿ 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 10 ನಿಮಿಷ ಹುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಚೆನ್ನಾಗಿ ಆರಿದ ಮೇಲೆ ಅರ್ಧ ಸಕ್ಕರೆಯೊಡನೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದಕ್ಕೆ ಮೈದಾ, ಉಳಿದ ಸಕ್ಕರೆ, ಉಪ್ಪು, ಬೆಣ್ಣೆ ಸೇರಿಸಿ ಬೆರಳ ತುದಿಯಿಂದ ಬೇಗ ಕಲೆಸಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹಸಿ ಹಿಟ್ಟಿನ ರುಚಿ ನೋಡಬೇಡಿ, ಮಕ್ಕಳಿಗೂ ಕೊಡಬೇಡಿ. ಬೇಯದ ಮೈದಾದಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರಬಹುದು.

ಹಿಟ್ಟನ್ನು ಸುಮಾರು 60 ಪುಟ್ಟ ಉಂಡೆ ಮಾಡಿ, ಮತ್ತೆ ಅರ್ಧ ಗಂಟೆ ತಣ್ಣಗಿಡಿ. ತಣ್ಣಗಾಗದ ಉಂಡೆ ಓವನ್ನಿನಲ್ಲಿ ಹರಡಿ ಚಪ್ಪಟೆಯಾಗುತ್ತದೆ. 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ, ತಿಳಿಹೊನ್ನಿನ ಬಣ್ಣ ಬರುವವರೆಗೆ ಮಾತ್ರ ಬೇಯಿಸಿ. ಬಿಸಿಯಿರುವಾಗ ಮುಟ್ಟಿದರೆ ಪುಡಿಯಾಗುತ್ತದೆ. ಆರಿದ ಮೇಲೆ, ಬಿಸಿನೀರಿನ ಆವಿಯ ಮೇಲಿಟ್ಟು ಕರಗಿಸಿದ ಚಾಕೊಲೇಟನ್ನು ಒಂದರ ತಳಕ್ಕೆ ಹಚ್ಚಿ ಇನ್ನೊಂದನ್ನು ಅಂಟಿಸಿ. 30 ಜೋಡಿಗಳಾಗುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಇಡಬಹುದು.

ಲೆಕ್ಕ ಏನು ಹೇಳುತ್ತದೆ?

ಹೇಝಲ್‌ನಟ್‌ನಲ್ಲಿರುವ ಕೊಬ್ಬಿನ ಬಹುಪಾಲು ಆಲಿವ್ ಎಣ್ಣೆಯಲ್ಲಿರುವಂಥ ಒಳ್ಳೆಯ ಕೊಬ್ಬು. ‘ಇ’ ಜೀವಸತ್ವ, ನಾರು, ಪ್ರೋಟೀನುಗಳೂ ಇವೆ. ಆದರೆ ನಮ್ಮ 460 ಗ್ರಾಂ ಸಾಮಗ್ರಿಯಲ್ಲಿ ಬೀಜದ ಪಾಲು ಐದನೆಯ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಿಕ್ಕದ್ದು ಬೆಣ್ಣೆ, ಸಕ್ಕರೆ, ಮೈದಾ, ಚಾಕೊಲೇಟ್. ಬೆಣ್ಣೆಯ ತೂಕದ ಅರ್ಧದಷ್ಟು ಪರ್ಯಾಪ್ತ ಕೊಬ್ಬು. ರಕ್ತದಲ್ಲಿ ಕೊಲೆಸ್ಟರಾಲ್ ಏರಿಸುವುದು ಅದೇ.

ಒಂದು ಜೋಡಿ ಬಿಸ್ಕತ್ತಿನಲ್ಲಿ ಸುಮಾರು 80 ಕ್ಯಾಲೊರಿ, 4 ಗ್ರಾಂ ಸಕ್ಕರೆ, 2 ಗ್ರಾಂ ಪರ್ಯಾಪ್ತ ಕೊಬ್ಬು ಇರುತ್ತದೆ. ಎರಡು ತಿಂದರೆ ಚಿಂತೆಯಿಲ್ಲ. ಮಾತಾಡುತ್ತಾ ಎಂಟು ತಿಂದರೆ 640 ಕ್ಯಾಲೊರಿ, ಅಂದರೆ ಒಂದು ಹೊತ್ತಿನ ಊಟ! ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ಕ್ಕೆ ಇಳಿಸಿದರೆ ಇನ್ನೂ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎಂಟು ಬಿಸ್ಕತ್ತುಗಳಲ್ಲೇ 32 ಗ್ರಾಂ ಆಯಿತು. ಕಾಫಿಯ ಸಕ್ಕರೆ ಬೇರೆ!

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಮಧುಮೇಹಿಗಳು ತಿನ್ನಬಹುದೆಂಬ ನಂಬಿಕೆಯಿದೆ. ಇದು ತಪ್ಪು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬೆಣ್ಣೆಯ ಬದಲು ವನಸ್ಪತಿ ಹಾಕುವುದರಿಂದಲೂ ಲಾಭವಿಲ್ಲ. ಖಾದ್ಯ ತೈಲ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2022ರಿಂದ ಇದೆ. ಆದರೂ ವನಸ್ಪತಿಯಲ್ಲಿ ಪರ್ಯಾಪ್ತ ಕೊಬ್ಬು ಇದ್ದೇ ಇರುತ್ತದೆ.

ಕೊಡುವ ಮುನ್ನ ಕೇಳಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕೆಲವರಿಗೆ ಬೀಜಗಳು ಒಗ್ಗುವುದಿಲ್ಲ. ತುಟಿ, ಬಾಯಿ ತುರಿಸುವುದು, ಮೈಮೇಲೆ ದದ್ದು, ಮುಖ ಊದಿಕೊಳ್ಳುವುದು, ವಾಂತಿ ಇದರ ಲಕ್ಷಣಗಳು. ಉಸಿರು ಕಟ್ಟಿದರೆ, ಧ್ವನಿ ಗೊಗ್ಗರಾದರೆ, ತಲೆ ಸುತ್ತಿ ಬಿದ್ದರೆ ಪ್ರಾಣಾಪಾಯ. ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಡ್ರಿನಲಿನ್ ಚುಚ್ಚುಮದ್ದು ತಡವಿಲ್ಲದೆ ಸಿಗಬೇಕು.

ಈ ಬಿಸ್ಕತ್ತಿನಲ್ಲಿ ಬೀಜ ಕಣ್ಣಿಗೆ ಕಾಣುವುದಿಲ್ಲ, ಪುಡಿಯಾಗಿ ಬೆರೆತಿರುತ್ತದೆ. ಆದ್ದರಿಂದ ನೆರೆಮನೆಯ ಮಗುವಿಗೋ ಮಗನ ಗೆಳೆಯರಿಗೋ ಕೊಡುವ ಮುನ್ನ ‘ಇದರಲ್ಲಿ ಬೀಜವಿದೆ, ನಿನಗೆ ಆಗುತ್ತದೆಯೆ?’ ಎಂದು ಕೇಳಿ. ಮಗು ಚಿಕ್ಕದಾದರೆ ಅದರ ತಾಯಿಯನ್ನು ಕೇಳಿ. ಬಾದಾಮಿ ಒಗ್ಗದವರು ಹೇಝಲ್‌ನಟ್ ಹಾಕಿ ಮಾಡಿ ನೋಡುವ ಪ್ರಯೋಗವನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು.

ಹುರಿದಿಟ್ಟ ಇಡೀ ಬೀಜಗಳನ್ನು ಐದು ವರ್ಷದೊಳಗಿನ ಮಕ್ಕಳ ಕೈಗೆ ಸಿಗದಂತೆ ಇಡಿ. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಬೀಜ ಒಳ್ಳೆಯದು ನಿಜ. ಆದರೆ ಬೀಜದ ಬಿಸ್ಕತ್ತು ಔಷಧವಲ್ಲ, ಸಿಹಿತಿಂಡಿ. ಬೀಜದ ಗುಣ ಬೇಕಾದವರು ದಿನವೂ ಒಂದು ಹಿಡಿ ಬೀಜವನ್ನೇ ತಿನ್ನಲಿ. ಬಿಸ್ಕತ್ತಿನ ರುಚಿ ಬೇಕಾದಾಗ ಡಬ್ಬಿಯಿಂದ ಎರಡು ತೆಗೆದು ತಟ್ಟೆಗಿಟ್ಟು, ಮುಚ್ಚಳ ಹಾಕಿ, ಆಮೇಲೆ ತಿನ್ನಲು ಕೂರಿ.